ಫ್ಯಾಟ್ ಸರಾಸರಿ ತಪ್ಪದಂತೆ ಡ್ಯಾಶ್‌ಬೋರ್ಡ್‌ಗೆ ಫಾರ್ಮುಲಾ ಬರೆಯುವುದು ಹೇಗೆ?

ನಮ್ಮೂರ ಹಾಲಿನ ಡೇರಿಯ ಲೆಕ್ಕವನ್ನು ಡ್ಯಾಶ್‌ಬೋರ್ಡ್‌ಗೆ (ಚಾರ್ಟ್‌ಗಳಿರುವ ಒಂದು ಪುಟಕ್ಕೆ) ಹಾಕಿಕೊಡ್ತೀನಿ ಅಂತ ಒಪ್ಪಿಕೊಂಡೆ. ಚಾರ್ಟ್ ಚೆನ್ನಾಗೇ ಬಂತು. ಹಾಲು ಅಳೆಯುವ ಹುಡುಗ ನೋಡಿದವನೇ, 'ಸಾರ್, ಇಷ್ಟು ಫ್ಯಾಟ್ ಬಂದಿದ್ರೆ ನಾವು ಯಾವತ್ತೋ ಉದ್ಧಾರ ಆಗ್ತಿದ್ವಿ' ಅಂದ. ತಪ್ಪು ನನ್ನ ಫಾರ್ಮುಲಾದಲ್ಲಿತ್ತು.

ನಾನು ಬಳಸಿದ್ದು ಶೀಟ್‌ನ ಅಂಕಿಗಳಿಂದ ಚಾರ್ಟ್ ಮಾಡಿಕೊಡುವ ಗೂಗಲ್‌ನ ಲುಕರ್ ಸ್ಟುಡಿಯೋ. 2022ರ ಅಕ್ಟೋಬರ್‌ಗೆ ಮುಂಚೆ ಅದು ಡೇಟಾ ಸ್ಟುಡಿಯೋ ಆಗಿತ್ತು. ದುಡ್ಡು ಕೊಡಬೇಕಿಲ್ಲ.

ಮೊದಲು ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಮಾಡಿ: ತಾರೀಖು, ಸದಸ್ಯರ ನಂಬರ್, ಹೊತ್ತು (ಬೆಳಗ್ಗೆ ಅಥವಾ ಸಂಜೆ), ಲೀಟರ್, ಫ್ಯಾಟ್. ಲೀಟರ್ ಕಾಲಂನಲ್ಲಿ ಬರೀ ಅಂಕಿ ಇರಲಿ. '12 ಲೀ.' ಅಂತ ಬರೆದರೆ ಅದು ಅಕ್ಷರವಾಗಿಬಿಡುತ್ತದೆ, ಆಮೇಲೆ ಕೂಡುವುದು ಕಷ್ಟ.

ಈ ಶೀಟನ್ನು ಲುಕರ್ ಸ್ಟುಡಿಯೋಗೆ ಜೋಡಿಸಿ, 'ಆ್ಯಡ್ ಎ ಫೀಲ್ಡ್' (ಹೊಸ ಕಾಲಂ ಸೇರಿಸು) ಒತ್ತಿ. ಹೆಸರು ಕೊಡಿ, ಕೆಳಗಿನ ಜಾಗದಲ್ಲಿ ಫಾರ್ಮುಲಾ ಬರೆಯಿರಿ. ಇಲ್ಲಿ ಓದಲಿ ಅಂತ ಫಂಕ್ಷನ್ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ನಾನು ಮೊದಲು ಬರೆದದ್ದು ಇದು:

ಎವಿಜಿ(ಫ್ಯಾಟ್)

ಇದರಲ್ಲೇನು ತಪ್ಪು? ಒಬ್ಬರು 3.5 ಫ್ಯಾಟ್‌ನ ಹಸುವಿನ ಹಾಲು 10 ಲೀಟರ್ ಹಾಕಿದರು ಅಂದುಕೊಳ್ಳಿ. ಇನ್ನೊಬ್ಬರು 6 ಫ್ಯಾಟ್‌ನ ಎಮ್ಮೆ ಹಾಲು 2 ಲೀಟರ್ ಹಾಕಿದರು. ಎವಿಜಿ ಅಂದರೆ ಆವರೇಜ್, ಸರಾಸರಿ. ಅದು ಎರಡು ಅಂಕಿ ಕೂಡಿ ಎರಡರಿಂದ ಭಾಗಿಸಿ 4.75 ಅನ್ನುತ್ತದೆ. ಆದರೆ ಎರಡನ್ನೂ ಒಂದೇ ಕ್ಯಾನ್‌ಗೆ ಸುರಿದು ನೋಡಿ. ಕ್ಯಾನ್ ತುಂಬಾ ಹಸುವಿನ ಹಾಲೇ ಜಾಸ್ತಿ, ಅಲ್ವಾ? ಹಾಗಾಗಿ ಲೀಟರ್‌ಗೂ ಬೆಲೆ ಕೊಡಬೇಕು:

ಸಮ್(ಲೀಟರ್ * ಫ್ಯಾಟ್) / ಸಮ್(ಲೀಟರ್)

10 ಲೀಟರ್‌ಗೆ 3.5ರಂತೆ 35, 2 ಲೀಟರ್‌ಗೆ 6ರಂತೆ 12, ಎರಡೂ ಕೂಡಿದರೆ 47. ಅದನ್ನು ಒಟ್ಟು 12 ಲೀಟರಿನಿಂದ ಭಾಗಿಸಿದರೆ 3.92. ಹುಡುಗ ಒಪ್ಪಿದ್ದು ಈ ಲೆಕ್ಕವನ್ನೇ. ಲಾಭದ ಶೇಕಡಾವಾರು, ಪಾಸಾದವರ ಶೇಕಡಾವಾರು, ಎಲ್ಲಕ್ಕೂ ಇದೇ ರೀತಿ: ಮೊದಲು ಕೂಡಿ, ಆಮೇಲೆ ಭಾಗಿಸಿ.

ಫಾರ್ಮುಲಾ ಸರಿಯಿದ್ದರೆ ಕೆಳಗೆ ಹಸಿರು ಟಿಕ್ ಬರುತ್ತದೆ. ಟಿಕ್ ಅಂದರೆ ವ್ಯಾಕರಣ ಸರಿ ಅಂತ ಅಷ್ಟೇ. ನನ್ನ ತಪ್ಪು ಫಾರ್ಮುಲಾಗೂ ಅದು ಬಂದಿತ್ತು! ಒಂದು ಹೊತ್ತಿನ ಲೆಕ್ಕವನ್ನಾದರೂ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ತಾಳೆ ನೋಡಿ.

ಹಾಲನ್ನು ಗುಂಪು ಮಾಡಬೇಕಾದರೆ, 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅನ್ನುವ ಕೇಸ್ ಇದೆ:

ಕೇಸ್ ವೆನ್ ಫ್ಯಾಟ್ >= 5 ದೆನ್ "ಎಮ್ಮೆ" ಎಲ್ಸ್ "ಹಸು" ಎಂಡ್

ಇದು ಅಂದಾಜು ಮಾತ್ರ. ಶೀಟ್‌ನಲ್ಲೇ ಹಸು, ಎಮ್ಮೆ ಅಂತ ಒಂದು ಕಾಲಂ ಇಟ್ಟರೆ ಇನ್ನೂ ಒಳ್ಳೆಯದು.

ಕೊನೆಗೆ 'ಸೇವ್' ಒತ್ತಿ, ಆ ಫೀಲ್ಡನ್ನು ಎಳೆದು ಚಾರ್ಟ್‌ಗೆ ಬಿಡಿ. ಸಂಜೆಯ ಹಾಲು ಬರೆದ ಕೂಡಲೇ ನಂಬರ್ ಬದಲಾಗಲಿಲ್ಲ ಅಂತ ಗಾಬರಿಯಾಗಬೇಡಿ. ಗೂಗಲ್ ಶೀಟ್‌ನಿಂದ ಹೊಸ ಅಂಕಿ ಬರಲು ಸಾಮಾನ್ಯವಾಗಿ 15 ನಿಮಿಷ ಹಿಡಿಯಬಹುದು. ಅವಸರವಿದ್ದರೆ 'ರಿಫ್ರೆಶ್ ಡೇಟಾ' ಒತ್ತಿ.