ಮಡುವಿನಿಂದ ತಿಲಾಪಿಯಾ ತೆಗೆದದ್ದು ಹೀಗೆ: ನನ್ನ ಅನುಭವ

ಹೊಳೆಯಲ್ಲಿ ಸೇರಿಕೊಂಡ ತಿಲಾಪಿಯಾದಂಥ ಹೊರಗಿನ ಮೀನನ್ನು ಹಿಡಿದು ಮುಗಿಸೋಕಾಗುತ್ತಾ ಅಂತ ಕೇಳಿದವರೇ ಜಾಸ್ತಿ. ಇಡೀ ಹೊಳೆಯಲ್ಲಿ ಆಗಲ್ಲ, ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ಹರಿವು ಸಣ್ಣಗಾಗಿ ಮಡುಗಳು ಬಿಡಿಬಿಡಿಯಾದಾಗ ಒಂದೊಂದೇ ಮಡುವನ್ನು ಚೊಕ್ಕ ಮಾಡಬಹುದು. ಕಾವೇರಿಯ ಒಂದು ಉಪನದಿಯಲ್ಲಿ, ಅನುಮತಿ ಪಡೆದು, ಮೂರು ಬೇಸಿಗೆ ಮಾಡಿದ್ದೇವೆ. ಬೀಸುಬಲೆಯ ಒಂದು ಎಸೆತಕ್ಕೆ ಎಂಟು-ಹತ್ತು ತಿಲಾಪಿಯಾ ಬೀಳುತ್ತಿದ್ದ ಕಡೆ ಈಗ ನಾಲ್ಕು ಎಸೆತಕ್ಕೆ ಒಂದು ಸಿಕ್ಕರೆ ಹೆಚ್ಚು. ಕೆಳಗಿನ ಕಲ್ಲುಹರಿವಿನಲ್ಲಿ ಬೆರಳುದ್ದದ ಬಿಳಿಮೀನಿನ, ಅಂದರೆ ಕಾವೇರಿಯದೇ ಗೂನುಬೆನ್ನಿನ ಮಹಶೀರ್‌ನ, ಮರಿ ಕಾಣಿಸುತ್ತಿವೆ. 2018ರಲ್ಲಿ ಅಳಿವಿನ ತೀವ್ರ ಅಂಚಿನ ಪಟ್ಟಿಗೆ ಸೇರಿದ ಮೀನಿದು. ಆ ಮರಿಗಳನ್ನು ನೋಡಿದ ಮೇಲೆ ಪಟ್ಟ ಶ್ರಮಕ್ಕೆ ಬೆಲೆ ಬಂತು.

ಮೊದಲ ಬೇಸಿಗೆ ಪೂರ್ತಿ ದಂಡ. ಎರಡೂವರೆ ಇಂಚು ಕಣ್ಣಿನ ಕಿವಿರು ಬಲೆಯನ್ನು (ಮೀನು ಕಿವಿರಲ್ಲಿ ಸಿಕ್ಕಿಕೊಳ್ಳುವ ಬಲೆ) ರಾತ್ರಿಯಿಡೀ ಬಿಟ್ಟೆವು. ದೊಡ್ಡ ತಿಲಾಪಿಯಾ ಹೋದವು. ಉಳಿದ ಅಂಗೈಯಗಲದವೇ ಗೂಡು ತೋಡಿ ಮರಿ ಮಾಡಿದವು, ಎರಡು ತಿಂಗಳಲ್ಲಿ ಎಣಿಕೆ ಮೊದಲಿಗಿಂತ ಹೆಚ್ಚಾಯಿತು. ಅದೇ ಬಲೆಯಲ್ಲಿ ನಾಟಿ ಮೀನೂ ಸತ್ತವು. ಅಂದಿನಿಂದ ರಾತ್ರಿ ಬಲೆ ಇಲ್ಲ. ಹಗಲಲ್ಲಿ ಬಿಟ್ಟರೂ ಅರ್ಧ ಗಂಟೆಗೊಮ್ಮೆ ಎತ್ತಲೇಬೇಕು, ನಾಟಿ ಮೀನನ್ನು ಒದ್ದೆ ಕೈಯಲ್ಲೇ ಬಿಡಿಸಬೇಕು.

ಹಣ ಹಾಳಾದದ್ದು ಇನ್ನೊಂದು ಕಡೆ. ಹಿಡಿಯುವವರಿಗೆ ಮೀನಿಗಿಷ್ಟು ಅಂತ ಕೊಟ್ಟಾಗ ಪಕ್ಕದ ಕೆರೆಯ ತಿಲಾಪಿಯಾ ಬುಟ್ಟಿಗೆ ಬರತೊಡಗಿತು. ದಿನಗೂಲಿಗೆ ಬದಲಾಯಿಸಿದೆವು, ಆಳಿಗೆ ಏಳುನೂರರ ಆಸುಪಾಸು, ನಾಲ್ಕು ಜನ. ಒಂದು ಬೇಸಿಗೆಗೆ ಬಲೆ ರಿಪೇರಿ ಸೇರಿ ಎಂಬತ್ತು ಸಾವಿರದ ಹತ್ತಿರ.

ಕೆಲಸ ಹಿಡಿದದ್ದು ಗೂಡು ಒಡೆಯುವುದನ್ನು ಬಿಟ್ಟ ಮೇಲೆ. ಗಂಡು ತೋಡಿದ ತಟ್ಟೆಯಂಥ ಗುಂಡಿಯನ್ನು ತುಳಿದು ಏನೂ ಪ್ರಯೋಜನವಿಲ್ಲ, ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಅಂಚಿನ ಜೊಂಡಿನ ಕಡೆ ಸರಿದಿರುತ್ತದೆ. ಮೊಣಕಾಲು ನೀರಿನ ಆ ಅಂಚನ್ನು ಮುಕ್ಕಾಲು ಇಂಚು ಕಣ್ಣಿನ ಎಳೆಬಲೆಯಿಂದ ಸುತ್ತುವರಿದು ದಡಕ್ಕೆ ತರುತ್ತೇವೆ. ಇಲ್ಲಿ ಎಚ್ಚರ ಬೇಕು: ಗಾಬರಿಯಾದ ಹೆಣ್ಣು ಬಾಯಲ್ಲಿದ್ದುದನ್ನೆಲ್ಲ ಉಗುಳಿಬಿಡುತ್ತದೆ. ಹಳದಿ ಮೊಟ್ಟೆಗಳು, ಕಣ್ಣು ಮೂಡಿದ ಮರಿಗಳು ಬಲೆಯ ಕಣ್ಣಿಂದ ಜಾರಿ ಮತ್ತೆ ನೀರಿಗೆ. ಅದಕ್ಕೇ ಬಲೆಯ ಹೊಟ್ಟೆಗೆ ಸೊಳ್ಳೆಪರದೆ ಬಟ್ಟೆಯ ಒಳಪದರ ಹೊಲಿದಿದ್ದೇವೆ, ಮೀನು ಬಿಡಿಸುವುದು ಪ್ಲಾಸ್ಟಿಕ್ ಟಬ್ಬಿನ ಮೇಲೆಯೇ. ಬಾಯಲ್ಲಿ ಮರಿ ಸಾಕುವ ಅವಧಿ ಸುಮಾರು ಮೂರು ವಾರ, ಹಾಗಾಗಿ ಹದಿನೈದು ದಿನಕ್ಕೊಂದು ಸುತ್ತು ತಪ್ಪಿಸಬಾರದು. ಒಂದು ಸುತ್ತು ತಪ್ಪಿದ ವರ್ಷ ಅದರ ಮರಿಗಳೇ ಮುಂದಿನ ಬೇಸಿಗೆಯ ತಲೆನೋವಾದವು. ಕೊರವದಂಥ ನಾಟಿ ಬೇಟೆಮೀನು ಬಲೆಗೆ ಬಿದ್ದರೆ ಬಿಟ್ಟುಬಿಡಿ, ಉಳಿದ ಮರಿಗಳನ್ನು ಅವೇ ನೋಡಿಕೊಳ್ಳುತ್ತವೆ.

ಹೊರಗಿನದೇ ಆದ ಆಫ್ರಿಕನ್ ಕ್ಯಾಟ್‌ಫಿಶ್ ಬಲೆಗೆ ಬಗ್ಗಲ್ಲ. ಸಂಜೆ ಸಾಲುಗಾಳ, ಕೋಳಿ ಕರುಳು, ನಸುಕಿಗೇ ಎತ್ತಬೇಕು. ಹಿಡಿದದ್ದನ್ನು ದಡದಲ್ಲಿ ಬಿಸಾಡಬೇಡಿ, ಗಾಳಿ ಉಸಿರಾಡುವ ಮೀನು, ಒದ್ದೆ ನೆಲದಲ್ಲಿ ತೆವಳಿ ವಾಪಸ್ ಹೋಗುತ್ತದೆ. ತಲೆಗೆ ಹೊಡೆದು ಹೂಳಿ. ಸಿಮೆಂಟ್ ಪೈಪು ಮುಳುಗಿಸಿ ಅಡಗುದಾಣ ಮಾಡಿ ಹಿಡಿಯೋಣ ಅಂತಲೂ ನೋಡಿದೆವು, ಏಡಿ ಮತ್ತು ಹಾವುಮೀನು ತುಂಬಿಕೊಂಡವು. ಇನ್ನು ನಮ್ಮದೇ ಒಂದು ಮೇವಿನ ಹದವಿದೆ. ಅದಕ್ಕೆ ಬಿಳಿಮೀನೂ ಬರುತ್ತದೆ, ಕಳ್ಳಬೇಟೆಯವರ ಕೈಗೆ ಸಿಗಬಾರದು, ಹಾಗಾಗಿ ಬರೆಯುವುದಿಲ್ಲ.

ಹೊರಗಿನ ಇನ್ನೊಂದು ಮೀನು ನೀಲಿ ರೆಕ್ಕೆಯ ಮಹಶೀರ್, 1970ರ ದಶಕದಿಂದ ಕಾವೇರಿಗೆ ತಂದು ಬಿಟ್ಟದ್ದು. ಮರಿಯಲ್ಲಿ ಇದನ್ನು ಬಿಳಿಮೀನಿನಿಂದ ಬೇರೆಯಾಗಿ ಗುರುತಿಸುವುದು ಕಷ್ಟ. ಬಿಳಿಮೀನಿನ ರೆಕ್ಕೆಯ ಕಿತ್ತಳೆ ಬಣ್ಣವೊಂದನ್ನೇ ನಂಬದೆ, ಸಂಶಯ ಬಂದದ್ದನ್ನೆಲ್ಲ ಫೋಟೋ ತೆಗೆದು ನೀರಿಗೇ ಬಿಡುತ್ತೇವೆ.

ಇಷ್ಟೆಲ್ಲ ಮಾಡಿ ಮೇಲಿನ ಕೆರೆಯ ಕೋಡಿಗೆ ಮೀನುತಡೆ ಹಾಕದಿದ್ದರೆ ಅಲ್ಲಿನ ತಿಲಾಪಿಯಾ ಇಳಿದುಬಂದು ಮೊದಲ ಮಳೆಗೇ ಎಲ್ಲ ನೀರುಪಾಲು. ಮೊದಲು ನೇರ ನಿಲ್ಲಿಸಿದ ಜಾಲರಿ ಎಲೆಕಸದಿಂದ ಕಟ್ಟಿ, ನೀರು ಪಕ್ಕದ ಮಣ್ಣು ಕೊರೆದುಕೊಂಡು ಹೋಯಿತು. ಈಗ ಅರ್ಧ ಇಂಚು ಸಂದಿನ ಕಬ್ಬಿಣದ ಸರಳುಗಳನ್ನು ನಲವತ್ತೈದು ಡಿಗ್ರಿ ಒರಗಿಸಿದ್ದೇವೆ, ಆರು ಅಡಿ ಮುಂದೆ ಬಿದಿರು ತಟ್ಟಿ. ಖರ್ಚು ಹದಿನಾಲ್ಕು ಸಾವಿರದಷ್ಟು. ಸಣ್ಣ ಮರಿ ಇದರಲ್ಲೂ ನುಸುಳುತ್ತವೆ, ಅದಕ್ಕೆ ಏಪ್ರಿಲ್‌ನಲ್ಲಿ ಕೆರೆ ತಳ ಹಿಡಿದಾಗಲೇ ಮೊಟ್ಟೆಯ ಮೀನನ್ನು ತೆಗೆಯುತ್ತೇವೆ. ಮಳೆ ಶುರುವಾದ ಮೇಲೆ ದಿನಕ್ಕೆರಡು ಸಲ ತಟ್ಟಿಯ ಕಸ ಬಳಿಯಲು ಒಬ್ಬರು ಅಲ್ಲೇ ಇರಬೇಕು.