ಹೇರ್ ಪ್ಯಾಚ್ ಅಂಟಿಸುವ ಕೆಲಸ ಈಗ ನನ್ನದೇ

ಮುಂದಲೆ ಪೂರ್ತಿ ನುಣ್ಣಗಾದ ಮೇಲೆ ಔಷಧಿಯಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ ಅಂತ ಚರ್ಮದ ಡಾಕ್ಟರು ನೇರವಾಗಿ ಹೇಳಿದ್ದರು. ಗಂಡಸರ ಈ ಬೋಳಿನ ಹಿಂದಿರುವುದು ಡಿಎಚ್‌ಟಿ ಎಂಬ ಹಾರ್ಮೋನು. ಹುಟ್ಟಿನಿಂದಲೇ ಅದಕ್ಕೆ ಬಗ್ಗುವ ಗುಣ ಇರುವ ಕೂದಲ ಬುಡಗಳು ವರ್ಷ ಕಳೆದಂತೆ ಸಣ್ಣದಾಗುತ್ತವೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲಿಗೆ ಅದರ ಕಾಟ ಕಡಿಮೆ. ಅದಕ್ಕೇ ನಮ್ಮೆಲ್ಲರ ತಲೆಯದೂ ಒಂದೇ ಡಿಸೈನ್!

ಕೂದಲು ಉದುರುವುದಕ್ಕೆ ಹಚ್ಚುವ ಔಷಧಿ, 5% ಮಿನಾಕ್ಸಿಡಿಲ್ ಹಚ್ಚಿದ್ದರಿಂದ ನೆತ್ತಿಯಲ್ಲಿ ಇದ್ದದ್ದು ಉಳಿಯಿತು. ಹಣೆಯ ಕಡೆ ಏನೂ ಬರಲಿಲ್ಲ. ತಲೆ ದಟ್ಟವಾಗಿ ಕಾಣಲೆಂದು ಕೆರಾಟಿನ್ ಪುಡಿ ಉದುರಿಸಿಕೊಂಡು ಓಡಾಡಿದ್ದೂ ಆಯಿತು. ಆ ಪುಡಿ ಹಿಡಿದುಕೊಳ್ಳಲು ಒಂದಿಷ್ಟಾದರೂ ಕೂದಲು ಬೇಕು. ಬರೀ ಚರ್ಮದ ಮೇಲೆ ಮಸಿ ಬಳಿದ ಹಾಗೆ ಕಾಣುತ್ತದೆ. ಸರ್ಜರಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಉಳಿದದ್ದು ಪ್ಯಾಚ್, ಅಂದರೆ ಬೋಳಾದ ಜಾಗಕ್ಕೆ ಅಂಟಿಸಿಕೊಳ್ಳುವ ಕೂದಲಿನ ತುಂಡು.

ಪ್ಯಾಚ್‌ನಲ್ಲಿ ಸಿಕ್ಕಿಬೀಳುವುದು ಮುಂದಿನ ಅಂಚಿನಲ್ಲೇ. ಅಂಗಡಿಯವರು ದಟ್ಟ ಕೂದಲಿನದನ್ನೇ ತೋರಿಸುತ್ತಾರೆ. ನಲವತ್ತು ದಾಟಿದವನಿಗೆ ಕಾಲೇಜು ಹುಡುಗನ ಹಣೆ ಯಾಕೆ? ನಾನು ತೆಳು ಕೂದಲಿನದು ಕೇಳಿದೆ. ಮುಂದೆ ಲೇಸ್ (ತೆಳು ಜಾಳಿಗೆ ಬಟ್ಟೆ), ಸುತ್ತ ಅಂಟು ಟೇಪ್ ಹಿಡಿಯಲು ಪಾಲಿ (ತೆಳು ಪ್ಲಾಸ್ಟಿಕ್) ಪಟ್ಟಿ. ಹಣೆಯ ಗೆರೆಯನ್ನು ಒಂದು ಬೆರಳು ಮೇಲಕ್ಕೇ ಇಡಿಸಿದೆ. ಕ್ಲಿಪ್ ಬೇಡ ಅಂದೆ. ದಿನವೂ ಒಂದೇ ಜಾಗದಲ್ಲಿ ಎಳೆದೆಳೆದು ಇರುವ ಕೂದಲೂ ಕಿತ್ತು ಬರುತ್ತದೆ. (ಕೂದಲು ಯಾರದ್ದು ಅಂತ ಯೋಚಿಸಿದರೆ ಮಜವಾಗಿದೆ. ತಿಮ್ಮಪ್ಪನಿಗೆ ಕೊಟ್ಟ ಮುಡಿಯೂ ಹರಾಜಾಗಿ ಇದೇ ವ್ಯಾಪಾರಕ್ಕೆ ಬರುತ್ತದೆ.)

ಮೊದಮೊದಲು ಸರ್ವೀಸ್‌ಗೆ, ಅಂದರೆ ಪ್ಯಾಚ್ ತೆಗೆದು ತೊಳೆದು ಮತ್ತೆ ಅಂಟಿಸಲು, ಸಲೂನಿಗೇ ಹೋಗುತ್ತಿದ್ದೆ. ಈಗ ಭಾನುವಾರ ಬೆಳಿಗ್ಗೆ ಮನೆಯಲ್ಲೇ. ಅಂಚಿಗೆ ಅಂಟು ಬಿಡಿಸುವ ರಿಮೂವರ್ ಸಿಂಪಡಿಸಿ ಐದು ನಿಮಿಷ ಸುಮ್ನೆ ಕೂರಬೇಕು. ಅವಸರಕ್ಕೆ ಎಳೆದರೆ ಲೇಸ್ ಹರಿಯುತ್ತದೆ. ಹಳೇ ಟೇಪನ್ನು ಉಗುರಿನಿಂದ ಕೆರೆಯದೆ, ಮತ್ತೆ ರಿಮೂವರ್ ಹಾಕಿ ಉಂಡೆ ಮಾಡಿ ತೆಗೆಯುತ್ತೇನೆ. ಪ್ಯಾಚ್‌ಗೆ ಶಾಂಪೂ ಬುಡದಿಂದ ತುದಿಗೆ, ಒಂದೇ ದಿಕ್ಕಿನಲ್ಲಿ. ಉಜ್ಜಿದರೆ ಗಂಟು ಬೀಳುತ್ತದೆ. ಕಂಡಿಷನರ್ ಅರ್ಧ ಕೂದಲಿನಿಂದ ಕೆಳಕ್ಕೆ ಮಾತ್ರ.

ಅಷ್ಟರಲ್ಲಿ ತಲೆಯ ಮೇಲ್ಭಾಗ ಶೇವ್ ಮಾಡಿ, ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡುತ್ತೇನೆ. ಒಂಚೂರು ತೇವ ಇದ್ದರೂ ಟೇಪ್ ಮೂರು ದಿನಕ್ಕೇ ಬಾಯಿ ಬಿಡುತ್ತದೆ. ಕನ್ನಡಿ ಮುಂದೆ ಹುಬ್ಬುಗಳ ನಡುವಿನಿಂದ ನೇರಕ್ಕೆ ಬೆರಳಿಟ್ಟು, ಮೊದಲು ಪ್ಯಾಚ್‌ನ ಮುಂದಿನ ಮಧ್ಯಭಾಗ ಕೂರಿಸಬೇಕು. ಅದು ಸರಿ ಕೂತರೆ ಹಿಂದಕ್ಕೆ ಹಾಸಿಕೊಂಡು ಹೋಗುವುದು ಸುಲಭ. ಆಮೇಲೆ ಅಂಚಿನುದ್ದಕ್ಕೂ ಒತ್ತಿ ಹಿಡಿಯುವುದು. ಆ ದಿನ ತಲೆಗೆ ನೀರಿಲ್ಲ.

ಹೊಸ ಟೇಪ್ ಅಥವಾ ಅಂಟು ತಂದಾಗ ಕಿವಿಯ ಹಿಂದೆ ಒಂದು ತುಂಡು ಅಂಟಿಸಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ. ಮಿನಾಕ್ಸಿಡಿಲ್ ಮುಂದುವರಿಸುವವರು ಪ್ಯಾಚ್ ಅಂಚಿಗೆ ತಾಗಿಸಬೇಡಿ, ಅಂಟು ಸಡಿಲವಾಗುತ್ತದೆ. ಎಣ್ಣೆಯಂತೂ ಟೇಪಿಗೆ ಶತ್ರು. ಇದನ್ನು ಅಮ್ಮನಿಗೆ ಒಪ್ಪಿಸುವುದೇ ದೊಡ್ಡ ಕೆಲಸ, ಅಲ್ವಾ?

ಇನ್ನೊಂದು ವಿಷಯ, ಬಣ್ಣ. ಪ್ಯಾಚಿನ ಕೂದಲು ಬೆಳೆಯುವುದಿಲ್ಲ, ಬಿಸಿಲಿಗೆ ಕೆಂಚಗಾಗುತ್ತದೆ. ಇತ್ತ ಕಿವಿಯ ಪಕ್ಕ ನಮ್ಮದು ಬಿಳಿಯಾಗುತ್ತಾ ಹೋಗುತ್ತದೆ. ಹಾಗಾಗಿ ಪ್ಯಾಚ್ ಬದಲಿಸುವಾಗಲೆಲ್ಲ ಬಿಳಿಗೂದಲು ಎಷ್ಟು ಸೇರಿಸಬೇಕು ಅಂತ ಪಕ್ಕದ ಕೂದಲು ನೋಡಿಯೇ ಹೇಳುತ್ತೇನೆ. ಕಳೆದ ಸಲ ಶೇಕಡಾ 10 ಹಾಕಿಸಿದ್ದೆ. ಮುಂದಿನದಕ್ಕೆ 20 ಬೇಕಾಗುತ್ತದೆ.