ದೂರದ ಗ್ರಹದ ಗಾಳಿಯಲ್ಲಿ ಜೀವದ ಸುಳಿವು ಹುಡುಕುವುದು ಹೇಗೆ?

ಸಿಂಹ ರಾಶಿಯ ದಿಕ್ಕಿನಲ್ಲಿ, 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆ2-18ಬಿ ಗ್ರಹಕ್ಕೆ ಹೋಗಿ ಮಣ್ಣು ಕೆದಕುವಂತಿಲ್ಲ. ಕೈಗೆ ಸಿಗುವುದು ಅದರ ವಾತಾವರಣವನ್ನು ಸೋಸಿಕೊಂಡು ಬರುವ ನಕ್ಷತ್ರದ ಬೆಳಕು ಮಾತ್ರ.

ಮೊದಲು ಗ್ರಹ ಆರಿಸಿಕೊಳ್ಳಬೇಕು. ನಾವು ನೋಡುವ ದಿಕ್ಕಿನಲ್ಲೇ ತನ್ನ ನಕ್ಷತ್ರದ ಮುಂದೆ ಹಾದುಹೋಗುವ ಗ್ರಹ ಬೇಕು. ಗ್ರಹದ ವ್ಯಾಸವನ್ನು ನಕ್ಷತ್ರದ ವ್ಯಾಸದಿಂದ ಭಾಗಿಸಿ ವರ್ಗ ಮಾಡಿದರೆ ಬೆಳಕು ಎಷ್ಟು ಕುಗ್ಗುತ್ತದೆಂದು ಗೊತ್ತಾಗುತ್ತದೆ. ಸೂರ್ಯನ ಮುಂದೆ ಭೂಮಿ ಹಾದರೆ ಬರೀ 0.008%. ಕೆ2-18ಬಿ ಭೂಮಿಯ 2.6 ಪಟ್ಟು ಅಗಲ, ಅದರ ಕೆಂಪು ಕುಬ್ಜ ನಕ್ಷತ್ರ ಸೂರ್ಯನ ಅರ್ಧಕ್ಕಿಂತ ಚಿಕ್ಕದು. ಹಾಗಾಗಿ ಅಲ್ಲಿ ಸುಮಾರು 0.29%.

ಆಮೇಲೆ ಮುಹೂರ್ತ. ಈ ಗ್ರಹ ಹಾಯುವುದು 33 ದಿನಕ್ಕೊಮ್ಮೆ, ಎರಡೂಮುಕ್ಕಾಲು ಗಂಟೆಯ ಹೊತ್ತು. ದೂರದರ್ಶಕವನ್ನು ಅದಕ್ಕೂ ಮುಂಚೆಯೇ ತಿರುಗಿಸಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಬೇಕು. ಉಪಕರಣ ಶುರುವಿನಲ್ಲಿ ಓಲಾಡುತ್ತದೆ. ಹಿಂದುಮುಂದಿನ ಅಳತೆ ಇಲ್ಲದಿದ್ದರೆ ಯಾವುದು ಗ್ರಹದ ನೆರಳು, ಯಾವುದು ಯಂತ್ರದ ಚಾಳಿ ಎಂದು ಬಿಡಿಸಲಾಗದು.

ಈಗ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಪ್ರತಿ ತರಂಗಾಂತರಕ್ಕೂ ಕುಸಿತವನ್ನು ಬೇರೆಬೇರೆಯಾಗಿ ಅಳೆಯಿರಿ. 3.3 ಮೈಕ್ರಾನ್ (ಮೀಟರಿನ ದಶಲಕ್ಷದ ಒಂದು ಪಾಲು ಒಂದು ಮೈಕ್ರಾನ್) ಬಳಿ ಮೀಥೇನ್, 4.3ರ ಬಳಿ ಕಾರ್ಬನ್ ಡೈಆಕ್ಸೈಡ್ ಬೆಳಕು ನುಂಗುತ್ತವೆ. ಆ ತರಂಗಾಂತರಗಳಲ್ಲಿ ಗ್ರಹ ಕೂದಲೆಳೆಯಷ್ಟು ಹೆಚ್ಚು ದಪ್ಪಗೆ ಕಾಣುತ್ತದೆ. ವ್ಯತ್ಯಾಸ ದಶಲಕ್ಷಕ್ಕೆ ನೂರರ ಆಸುಪಾಸು.

ಎಡವುವುದು ಇಲ್ಲೇ. ಹಬಲ್ ದೂರದರ್ಶಕದ ಮಾಹಿತಿಯಿಂದ 2019ರಲ್ಲಿ ಈ ಗ್ರಹದಲ್ಲಿ ನೀರಾವಿ ಇದೆಯೆಂದರು. 1.4 ಮೈಕ್ರಾನ್ ಬಳಿ ನೀರಾವಿ, ಮೀಥೇನ್ ಎರಡೂ ಒಂದೇ ತರಹ ಕಾಣುತ್ತವೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತರಂಗಾಂತರಗಳ ವಿಶಾಲ ವ್ಯಾಪ್ತಿಯಲ್ಲಿ ನೋಡಿದಾಗ ಸ್ಪಷ್ಟವಾಗಿ ಸಿಕ್ಕಿದ್ದು ಮೀಥೇನ್. ಒಂದೇ ತರಂಗಾಂತರದ ಪಟ್ಟೆ ನಂಬಿ ಅನಿಲಕ್ಕೆ ಹೆಸರಿಡಬಾರದು. ನಕ್ಷತ್ರದ ಕಲೆಗಳೂ ಮೋಸ ಮಾಡುತ್ತವೆ: ತಣ್ಣನೆಯ ಕಲೆಯಲ್ಲೇ ನೀರಾವಿ ಇರಬಹುದು.

2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ತಂಡ ಈ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಸಿಕ್ಕಿದೆ ಎಂದಿತು. ಭೂಮಿಯಲ್ಲಿ ಇದನ್ನು ಹೆಚ್ಚಾಗಿ ಬಿಡುವುದು ಕಡಲಿನ ಸೂಕ್ಷ್ಮ ಸಸ್ಯಗಳು. ಖಚಿತತೆ 3 ಸಿಗ್ಮಾ. 'ಜೀವವಿರುವ ಸಾಧ್ಯತೆ 99.7%' ಎಂದು ಇದನ್ನು ಓದಿಕೊಂಡರೆ ಅದು ತಪ್ಪು. ಅಳತೆಯ ಬರೀ ಆಕಸ್ಮಿಕ ಏರುಪೇರಿನಿಂದಲೇ ಇಂಥ ಗುರುತು ಮೂಡುವ ಸಂಭವ 0.3% ಎಂದಷ್ಟೇ ಅರ್ಥ. ಶೋಧ ಖಚಿತ ಎನ್ನಲು ರೂಢಿಯ ಮಟ್ಟ ಇನ್ನೂ ಬಿಗಿಯಾದ 5 ಸಿಗ್ಮಾ. ಅದೇ ಮಾಹಿತಿಯನ್ನು ಬೇರೆ ತಂಡಗಳು ಬೇರೆ ಲೆಕ್ಕದಲ್ಲಿ ಜಾಲಾಡಿದಾಗ ಗುರುತು ಮಸುಕಾಯಿತು.

ಅನಿಲ ಗಟ್ಟಿಯಾಗಿ ಸಿಕ್ಕರೂ ಕೊನೆಯ ಹೆಜ್ಜೆ ಬಾಕಿ: ಜೀವವಿಲ್ಲದೆ ಅದು ಹುಟ್ಟಲಾರದೇ? ಡೈಮೀಥೈಲ್ ಸಲ್ಫೈಡ್ 67ಪಿ ಎಂಬ ಧೂಮಕೇತುವಿನಲ್ಲೂ ಸಿಕ್ಕಿದೆ.